ಇಪ್ಪತ್ಮೂರನೇ ಪುಟದ ಪಾಸ್

ರಶ್ಮಿತಾ ಮತ್ತು ಅಂಜನ್ ಕುಮಾರ್ ಮೊದಲ ಭೇಟಿಯಲ್ಲೇ ಜಗಳವಾಡಿದರು. ಜಗಳಕ್ಕೆ ಕಾರಣ ಅಂಗೈಯಗಲದ ಒಂದು ಕೆಂಪು ಚೀಟಿ.

ದಾವಣಗೆರೆಯ ಪಿ.ಜೆ. ಬಡಾವಣೆಯ ಹಳೇ ಕ್ಲಬ್ಬೊಂದರ ಮಹಡಿಯಲ್ಲಿ ಭಾನುವಾರ ಭಾನುವಾರ ಬ್ರಿಡ್ಜ್ ನಡೆಯುತ್ತದೆ. ಕೆಳಗೆ ರಮ್ಮಿಯವರ ಗದ್ದಲ, ಮೇಲೆ ಏಳೆಂಟು ಟೇಬಲ್ಲು ಮತ್ತು ಪರೀಕ್ಷೆ ಹಾಲಿನ ಮೌನ. ಎಲೆ ಹಿಡಿದವರೆಲ್ಲ ಜೂಜುಕೋರರು ಎಂದು ನಂಬಿರುವ ಊರಿನಲ್ಲಿ ಈ ಆಟವನ್ನು ವಿವರಿಸುವುದು ತ್ರಾಸಿನ ಕೆಲಸ. ಆದರೂ ನಾಲ್ಕು ಮಾತು ಹೇಳಲೇಬೇಕು, ಅದಿಲ್ಲದೆ ಇವರ ಪ್ರೇಮದ ತಲೆಬುಡ ತಿಳಿಯುವುದಿಲ್ಲ.

ಆಡುವವರು ನಾಲ್ಕು ಜನ, ಎರಡು ಜೋಡಿ. ಜೋಡಿಯವರು ಎದುರುಬದುರು ಕೂರುತ್ತಾರೆ. ಒಬ್ಬೊಬ್ಬರಿಗೆ ಹದಿಮೂರು ಎಲೆ. ಆಟಕ್ಕೆ ಮೊದಲು ಹರಾಜು: ಇಸ್ಪೀಟೋ ಕಳಾವರೋ ಡೈಮನ್ನೋ, ಇಂಥ ಬಣ್ಣ ತುರುಪಾದರೆ ಹದಿಮೂರರಲ್ಲಿ ಇಷ್ಟು ಸುತ್ತು ನಾವು ಗೆಲ್ಲುತ್ತೇವೆ ಎಂದು ಕೂಗಬೇಕು. ಎಣಿಕೆ ಆರರ ಮೇಲಿಂದ, ಒಂದು ಅಂದರೆ ಏಳು ಸುತ್ತು, ಐದು ಅಂದರೆ ಹನ್ನೊಂದು. ಕೂಗುವುದೂ ಬಾಯಿಂದಲ್ಲ, ಪುಟ್ಟ ಪೆಟ್ಟಿಗೆಯಿಂದ ಚೀಟಿ ತೆಗೆದು ಮೇಜಿನ ಮೇಲಿಡಬೇಕು. ಒಟ್ಟು ಮೂವತ್ತೆಂಟು ಥರದ ಚೀಟಿ. ನಿನ್ನ ಕೈಯಲ್ಲಿ ಏನಿದೆ ಎಂದು ಎದುರಿನ ಜೊತೆಗಾರನಿಗೆ ತಿಳಿಸಲು ಇರುವ ಭಾಷೆ ಅಷ್ಟೇ. ಕೆಮ್ಮುವಂತಿಲ್ಲ, ನಗುವಂತಿಲ್ಲ, ಹುಬ್ಬು ಹಾರಿಸುವಂತಿಲ್ಲ. ಜೊತೆಗಾರ ಅಪ್ಪಿತಪ್ಪಿ ಮುಖ ಸಿಂಡರಿಸಿದರೆ, ಅದನ್ನು ಕಂಡೇ ಇಲ್ಲ ಎಂಬಂತೆ ಆಡುವುದು ಈ ಆಟದ ಮರ್ಯಾದೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ರಶ್ಮಿತಾಳ ಜೊತೆಗಾತಿ ಕೈಕೊಟ್ಟಳು. ಆಟ ನಡೆಸುವ ಮಸ್ತಾನಸಾಬ್, ನಿವೃತ್ತ ಗಣಿತದ ಮೇಷ್ಟ್ರು, ಹರಿಹರದಿಂದ ಒಂಟಿಯಾಗಿ ಬಂದಿದ್ದ ಅಂಜನ್‌ನನ್ನು ಅವಳ ಎದುರಿಗೆ ಕೂರಿಸಿದರು. ಮೂರನೇ ಆಟದಲ್ಲಿ ರಶ್ಮಿತಾ ಡಬಲ್ ಎಂಬ ಕೆಂಪು ಚೀಟಿ ಇಟ್ಟಳು. ಅವಳ ಲೆಕ್ಕದಲ್ಲಿ ಅದರ ಅರ್ಥ, ನಿನ್ನ ಒಳ್ಳೆಯ ಬಣ್ಣ ಯಾವುದು ಹೇಳು. ಅವನ ಲೆಕ್ಕದಲ್ಲಿ, ಇವರನ್ನು ನಾನು ಹಿಡಿದಿದ್ದೇನೆ, ನೀನು ಸುಮ್ಮನಿರು. ಅವನು ಸುಮ್ಮನಿದ್ದ. ಎದುರಿನವರು ಆರಾಮಾಗಿ ಗೆದ್ದು, ಮೇಲೆ ಎರಡು ಸುತ್ತು ಹೆಚ್ಚಿಗೇ ತೆಗೆದುಕೊಂಡರು.

ಮೆಟ್ಟಿಲಿಳಿಯುವಾಗ ಅವಳು ಸುಮ್ಮನೆ ಬಿಡಲಿಲ್ಲ. ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುವವಳು, ಒಂದು ಚೀಟಿಗೆ ಇಬ್ಬರ ತಲೆಯಲ್ಲಿ ಎರಡು ಅರ್ಥ ಇರುವುದನ್ನು ಸಹಿಸುವ ಜಾಯಮಾನ ಅವಳದಲ್ಲ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು ಕೊನೆಗೆ, "ಹಂಗಾರೆ ಎಲ್ಲಾ ಬರೆದಿಟ್ಕೊಳ್ಳಾಣ್ರಿ" ಅಂದ. ಅವಳು ಹಾಗಾದರೆ ಯಾವಾಗ ಎಂದು ಕೇಳಿದಳು. ಶನಿವಾರ ಎಂದ.

ಹೀಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು ಹುಟ್ಟಿತು.

ಅಂಜನ್ ಹರಿಹರದ ಹತ್ತಿರದ ಸಾರಥಿ ಎಂಬ ಊರಿನವನು. ಹರಿಹರದಲ್ಲಿ ಅವನದೊಂದು ವರ್ಕ್‌ಶಾಪು, ಅಳತೆಯ ಗೇಜು ಮಾಡುತ್ತಾನೆ, ಕೂದಲಿನ ಹತ್ತರಲ್ಲೊಂದು ಪಾಲು ಆಚೀಚೆಯಾದರೂ ವಾಪಸ್ ಬರುವ ಮಾಲು. ಅಲ್ಲೊಂದು ನುಣುಪಾದ ಕಪ್ಪು ಗ್ರಾನೈಟ್ ಕಲ್ಲಿದೆ, ಸಾಮಾನಿನ ಅಳತೆ ನೋಡುವುದಕ್ಕೆ. ಅದರ ಮೇಲೆ ಟೀ ಲೋಟ ಇಟ್ಟವನಿಗೆ ಅವನು ಬೈದಿದ್ದನ್ನು ಕೆಲಸಗಾರರು ಇವತ್ತಿಗೂ ಹೇಳುತ್ತಾರೆ. ರಶ್ಮಿತಾ ಬಂದ ಶನಿವಾರ ಅದೇ ಕಲ್ಲಿಗೆ ಹಸಿರು ಬಟ್ಟೆ ಹಾಸಿ ಎಲೆ ಹಂಚಿದ. ಕೆಲಸಗಾರರು ಮುಖ ಮುಖ ನೋಡಿಕೊಂಡರು. ಒಂದು ಶನಿವಾರ ಅವಳು ಹರಿಹರಕ್ಕೆ, ಒಂದು ಶನಿವಾರ ಅವನು ದಾವಣಗೆರೆಗೆ, ಹದಿನಾಲ್ಕು ಕಿಲೋಮೀಟರು ಏನು ಮಹಾ. ದಾವಣಗೆರೆಯಲ್ಲಿ ಅವರು ಕೂರುತ್ತಿದ್ದುದು ಒಂದು ಮಂಡಕ್ಕಿ ಮೆಣಸಿನಕಾಯಿ ಅಂಗಡಿಯಲ್ಲಿ. ಅಂಗಡಿಯವನು ಎಲೆ ಹಾಕಬ್ಯಾಡ್ರಿ, ಪೊಲೀಸರು ಬಂದರೆ ನನಗೆ ತಾಪತ್ರಯ ಎಂದಿದ್ದರಿಂದ ಅಲ್ಲಿ ಎಲೆಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು.

ಆಟ ಅವನಿಗೆ ಅಪ್ಪನಿಂದ ಬಂದದ್ದು. ಏಕಾಂತಪ್ಪ ಹರಿಹರದ ದೊಡ್ಡ ಕಾರ್ಖಾನೆಯೊಂದರ ಆಫೀಸರ್ಸ್ ಕ್ಲಬ್ಬಿನಲ್ಲಿ ಚಹಾ ಕೊಡುತ್ತಿದ್ದವರು. ಟ್ರೇ ಹಿಡಿದು ಸಾಹೇಬರ ಬೆನ್ನ ಹಿಂದೆ ಇಪ್ಪತ್ತು ವರ್ಷ ನಿಂತು ನಿಂತು ಆಟ ಕಲಿತರು, ಒಂದು ದಿನವೂ ಕೂತು ಆಡಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಮಗನಿಗೆ ಕಲಿಸಿದರು. ತಾಯಿ ಉಡಚಮ್ಮ ಎರಡು ಸಲ ಎಲೆಗಳನ್ನು ಒಲೆಗೆ ಹಾಕಿದ್ದರಂತೆ. ಇದನ್ನೆಲ್ಲ ಅಂಜನ್ ಹಿಟ್ಟಿನ ಗಿರಣಿಯ ವಿಷಯ ಹೇಳಿದಷ್ಟು ಸಾದಾ ಆಗಿ ಹೇಳಿದ್ದ. ರಶ್ಮಿತಾ ಕೇಳಿ ನಕ್ಕಿದ್ದಳು, ಅಷ್ಟೇ.

ಬುಕ್ಕಿನ ಮೊದಲ ಭಾಗ ಅವಳದು: ಮೊದಲು ಬಾಯಿಬಿಡುವವರು ಏನು ಹೇಳಬೇಕು. ಎಕ್ಕ, ರಾಜ ಮೊದಲಾದ ದೊಡ್ಡ ಎಲೆಗಳಿಗೆ ಕೊಡುವ ಪಾಯಿಂಟು ಹದಿನಾರರ ಮೇಲಿದ್ದರೆ ಒಂದು ಕಳಾವರ್, ಕೈಯಲ್ಲಿ ಕಳಾವರ್ ಇರಲಿ ಬಿಡಲಿ. ಅದಕ್ಕಿಂತ ಕಡಿಮೆಯಾದರೆ ಉಳಿದ ಚೀಟಿಗಳು, ಒಂದರ ಪಾಲಿಗೆ ಇನ್ನೊಂದು ಕೈ ಹಾಕದ ಹಾಗೆ. ಮೂರು ತಿಂಗಳು ಕೂತು ಅದನ್ನು ಚೊಕ್ಕ ಮಾಡಿ, ಮೆಚ್ಚುಗೆಗೆ ಕಾದಳು. ಅವನು ಪೂರ್ತಿ ಓದಿ, "ಎದುರಿನವ್ರು ಬಾಯಿ ಮುಚ್ಕೊಂಡು ಕುಂತ್ರೆ ಭಾಳ ಚೆನ್ನಾಗೈತ್ರಿ. ಆದ್ರೆ ಅವ್ರೂ ಆಡೋಕೇ ಬಂದಿರ್ತಾರಲ್ರಿ" ಅಂದ.

ಅವಳಿಗೆ ಸಿಟ್ಟು ಬಂತು. ಆಮೇಲೆ ಅದು ನಿಜ ಅನ್ನಿಸಿತು. ಬುಕ್ಕಿನ ಎರಡನೇ ಭಾಗ, ಎದುರಿನವರು ಅಡ್ಡ ಬಂದರೆ ಏನು ಮಾಡಬೇಕು ಎಂಬುದು, ಅವನದಾಯಿತು.

ಅಲ್ಲಿಯೇ ಇಪ್ಪತ್ಮೂರನೇ ಪುಟ. ನಾವಿಬ್ಬರೂ ಕೈಯಲ್ಲಿ ಬಲ ಇದೆ ಎಂದು ತೋರಿಸಿ ಆದ ಮೇಲೆ ಎದುರಿನವರು ಮೇಲಕ್ಕೆ ಹಾರಿದರು ಅನ್ನಿ. ಆಗ ನಮ್ಮಲ್ಲೊಬ್ಬರು ಪಾಸ್ ಎಂದರೆ ಅದು ಬಿಟ್ಟುಕೊಟ್ಟದ್ದಲ್ಲ. ನನಗೆ ಮುಂದೆ ಹೋಗಲು ಮನಸ್ಸಿದೆ, ತೀರ್ಮಾನ ನಿನ್ನದು, ನೀನು ಮಾತ್ರ ಸುಮ್ಮನಿರುವಂತಿಲ್ಲ ಎಂದು ಅರ್ಥ. ಇದು ಅವನ ಸಲಹೆ. ಸುಮ್ಮನಿರುವುದನ್ನು ಮಾತು ಎಂದು ಲೆಕ್ಕ ಹಾಕುವುದು ಯಾವ ನ್ಯಾಯ ಎಂದು ರಶ್ಮಿತಾ ನಾಲ್ಕು ಶನಿವಾರ ವಾದಿಸಿದಳು. ಐದನೇ ಶನಿವಾರ ಸೋತು, ತನ್ನ ದುಂಡಗಿನ ಅಕ್ಷರದಲ್ಲಿ ತಾನೇ ಬರೆದಳು.

ಈ ಎರಡು ವರ್ಷದಲ್ಲಿ ಅವಳು ಅವನ ಮುಖ ನೋಡದಿರುವುದನ್ನು ಚೆನ್ನಾಗಿ ರೂಢಿಸಿಕೊಂಡಳು. ಅವನೂ ಮುಖದಲ್ಲಿ ಏನೂ ಕಾಣಿಸದಿರುವುದನ್ನು ರೂಢಿಸಿಕೊಂಡ. ಆಟಕ್ಕೆ ಇದು ಒಳ್ಳೆಯದೇ. ತೊಂದರೆ ಏನೆಂದರೆ, ಅವಳು ಅವನ ಕೈ ನೋಡತೊಡಗಿದಳು. ಎಲೆ ಮುಟ್ಟುವ ಮೊದಲು ಅವನು ಸೀಮೆಎಣ್ಣೆ ಹಚ್ಚಿ, ಸೋಪು ಹಚ್ಚಿ, ಎರಡೆರಡು ಸಲ ಕೈ ತೊಳೆಯುತ್ತಿದ್ದ. ಆದರೂ ಉಗುರಿನ ಸಂದಿಯಲ್ಲಿ ಸಣ್ಣ ಕಪ್ಪು ಗೆರೆ. ಎಡ ಹೆಬ್ಬೆರಳಿನ ಮೇಲೆ ಹಳೇ ಗಾಯದ ಗುರುತು. ಚೀಟಿ ಇಟ್ಟ ಮೇಲೆ ಅದರ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಯೇ ಕೈ ತೆಗೆಯುವ ಚಟ. ಒಂದು ಬುಧವಾರ ಕ್ಲಾಸಿನಲ್ಲಿ ಡೆಸ್ಕಿನ ಮೇಲೆ ಡಸ್ಟರನ್ನು ಹಾಗೇ ಹೊಂದಿಸುತ್ತಿದ್ದಾಗ ಅವಳಿಗೆ ತನ್ನ ಮೇಲೆಯೇ ನಗು ಬಂತು. ಇದು ಪ್ರೀತಿ ಎಂದು ಅವತ್ತೇ ಗೊತ್ತಾಯಿತು. ಹೇಳುವುದು ಹೇಗೆ ಎಂದು ಮಾತ್ರ ಯಾವ ಪುಟದಲ್ಲೂ ಇರಲಿಲ್ಲ.

ಅಷ್ಟರಲ್ಲಿ ರಾಣೆಬೆನ್ನೂರಿನವರು ಬಂದರು.

ರಶ್ಮಿತಾಳ ತಂದೆ ಕಲ್ಲೇಶಪ್ಪನವರದು ಮಂಡಿಪೇಟೆಯಲ್ಲಿ ಕಾಳುಕಡಿಯ ಅಂಗಡಿ. ತಾಯಿ ತೀರಿಹೋಗಿ ನಾಲ್ಕು ವರ್ಷ, ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಮಗಳಿಗೆ ಮೂವತ್ತೆರಡು ತುಂಬಿತು ಎಂಬುದನ್ನು ಅವರು ದಿನಾ ಹೇಳುತ್ತಿರಲಿಲ್ಲ, ವಾರಕ್ಕೊಮ್ಮೆ ಹೇಳುತ್ತಿದ್ದರು. ರಾಣೆಬೆನ್ನೂರಿನ ವರ ಬೀಜದ ವ್ಯಾಪಾರಿ, ಎರಡು ಸಲ ಬಂದು ಮಾತಾಡಿಸಿದ್ದ, ಸಭ್ಯಸ್ಥ. ಬೇಡ ಅನ್ನಲು ಅವನಲ್ಲಿ ಒಂದೂ ಊನ ಇರಲಿಲ್ಲ, ಅದೇ ದೊಡ್ಡ ಕಷ್ಟ. ಸೋಮವಾರ ಹಿರಿಯರು ಮಾತುಕತೆಗೆ ಬರುವವರಿದ್ದರು. ಭಾನುವಾರ ಸಂಜೆ ಏಳರೊಳಗೆ ಹೂಂ ಅಥವಾ ಉಹೂಂ ಹೇಳು, ಫೋನ್ ಮಾಡಬೇಕು ಎಂದು ಕಲ್ಲೇಶಪ್ಪ ಗಡುವು ಕೊಟ್ಟರು. ಅದೇ ಭಾನುವಾರ ಕ್ಲಬ್ಬಿನ ವರ್ಷದ ದೊಡ್ಡ ಪಂದ್ಯ.

ಶನಿವಾರ ಮಂಡಕ್ಕಿ ಅಂಗಡಿಯಲ್ಲಿ ರಶ್ಮಿತಾ ವಿಷಯ ತೆಗೆದಳು. ಎಷ್ಟು ಸಾಧ್ಯವೋ ಅಷ್ಟು ಸಾದಾ ದನಿಯಲ್ಲಿ, ವರ ಯಾರು, ಸೋಮವಾರ ಏನು, ನಾಳೆ ಏಳು ಗಂಟೆಯೊಳಗೆ ಏನು ಹೇಳಬೇಕು, ಎಲ್ಲ ಹೇಳಿದಳು. ಹೇಳುವಾಗ ಕಣ್ಣು ತಟ್ಟೆಯ ಮೆಣಸಿನಕಾಯಿಯ ಮೇಲೆ. ಅಭ್ಯಾಸ ಬಲ ನೋಡಿ, ಬದುಕಿನಲ್ಲಿ ಒಮ್ಮೆ ಆ ಮುಖ ನೋಡಲೇಬೇಕಾಗಿದ್ದ ಗಳಿಗೆಯಲ್ಲೂ ಅವಳು ತಲೆ ಎತ್ತಲಿಲ್ಲ.

ಅವನು ಮಾತಾಡಲಿಲ್ಲ. ಅವನ ಕೈ ಮಂಡಕ್ಕಿಯ ಕಾಗದದ ಅಂಚನ್ನು ಮೇಜಿನ ಅಂಚಿಗೆ ಹೊಂದಿಸಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಎದುರಿನವರು ಮೂರರ ತನಕ ಹಾರಿದರೆ ಏನು ಎನ್ನುವ ಪುಟ ಇನ್ನೊಮ್ಮೆ ನೋಡೋಣವೇ ಎಂದು ಕೇಳಿತು ಅವನ ದನಿ. ನೋಡಿದರು. ಮನೆಗೆ ಹೋಗುವಾಗ ರಶ್ಮಿತಾ ತನ್ನ ಲೆಕ್ಕ ಮುಗಿಸಿದಳು. ಅವನಿಗೆ ತಾನು ಶನಿವಾರದ ಒಂದು ನೋಟ್‌ಬುಕ್ಕು, ಬೇರೇನೂ ಅಲ್ಲ. ಹೂಂ ಅನ್ನುವುದೇ ಸರಿ ಎಂದುಕೊಂಡಳು.

ಭಾನುವಾರ ಆಟ ಚೆನ್ನಾಗಿ ನಡೆಯಿತು. ಮನಸ್ಸು ಸತ್ತಂತಿದ್ದಾಗ ಲೆಕ್ಕ ಚೆನ್ನಾಗಿ ಬರುತ್ತದೆ. ಕೊನೆಯ ಆಟದ ಹೊತ್ತಿಗೆ ಮೊದಲ ಸ್ಥಾನ ಅವರ ಕೈಯಳತೆಯಲ್ಲಿತ್ತು. ಎದುರಿಗೆ ಬಂದು ಕೂತವರು ವಕೀಲ ಅಶ್ವಥ್ ಮತ್ತು ಬ್ಯಾಂಕಿನ ಗುಲ್ಷನ್.

ರಶ್ಮಿತಾಳ ಕೈಯಲ್ಲಿ ಹದಿನೇಳು ಪಾಯಿಂಟು. ಒಂದು ಕಳಾವರ್ ಚೀಟಿ ಇಟ್ಟಳು. ಗುಲ್ಷನ್ ಪಾಸ್. ಅಂಜನ್ ಒಂದು ಇಸ್ಪೀಟು ಎಂದ, ನನ್ನಲ್ಲೂ ಬಲವಿದೆ, ಇಸ್ಪೀಟಿನ ಎಲೆ ಹೆಚ್ಚಿವೆ ಎಂದು ಅದರ ಅರ್ಥ. ಅಶ್ವಥ್ ಏಕದಂ ಮೂರು ಡೈಮನ್ನಿಗೆ ಹಾರಿದರು. ಅವಳು ನಾಲ್ಕು ಇಸ್ಪೀಟು ಇಟ್ಟಳು. ಗುಲ್ಷನ್ ಬಿಡುವ ಪೈಕಿಯಲ್ಲ, ಐದು ಡೈಮನ್ ಇಟ್ಟರು.

ಅಂಜನ್‌ನ ಕೈ ಪೆಟ್ಟಿಗೆಗೆ ಹೋಯಿತು. ತಡ ಮಾಡಲಿಲ್ಲ, ಅವಸರವೂ ಮಾಡಲಿಲ್ಲ. ಹಸಿರು ಚೀಟಿ ಬಂತು. ಪಾಸ್. ಅಂಚು ಮೇಜಿನ ಅಂಚಿಗೆ ಹೊಂದಿತು.

ಮುಂದಿನ ಸರದಿ ಅಶ್ವಥ್ ಅವರದು. ಪ್ರಶ್ನೆ ಕೇಳುವುದು ಅವರ ಕಸುಬು. ಈ ಆಟದಲ್ಲಿ ಗುಟ್ಟಿನ ಭಾಷೆಗೆ ಜಾಗವಿಲ್ಲ, ನಿಮ್ಮ ಚೀಟಿಯ ಅರ್ಥ ಎದುರಿನವರು ಕೇಳಿದರೆ ಹೇಳಲೇಬೇಕು. ಆದರೆ ಚೀಟಿ ಇಟ್ಟವರು ತುಟಿ ಬಿಚ್ಚುವಂತಿಲ್ಲ, ಜೊತೆಗಾರರೇ ಹೇಳಬೇಕು. ಅಶ್ವಥ್ ರಶ್ಮಿತಾಳ ಕಡೆ ತಿರುಗಿದರು.

"ಈ ಪಾಸ್ ಅಂದ್ರೇನು ಮೇಡಂ? ಸುಮ್ಮನೆ ಬಿಟ್ಟುಕೊಟ್ರಾ?"

"ಇಲ್ಲ," ಎಂದಳು ರಶ್ಮಿತಾ. ಪುಟ ಬಾಯಿಪಾಠ ಇತ್ತು. "ಬಿಟ್ಟುಕೊಟ್ಟಿಲ್ಲ. ಅವರ ಕೈಯಲ್ಲಿ ಬಲ ಐತೆ. ನಿಮಗೆ ಬಿಟ್ಟುಕೊಡೋಕೆ ಅವರಿಗೆ ಮನಸ್ಸಿಲ್ಲ. ಮುಂದೆ ಹೋಗೋ ಆಸೆ ಐತೆ, ಆದ್ರೆ ತೀರ್ಮಾನ ನನಗೆ ಬಿಟ್ಟಾರೆ. ನಾನು..."

ಅಲ್ಲಿ ಅವಳ ದನಿ ನಿಂತಿತು. ಮಂಡಕ್ಕಿ ಅಂಗಡಿ ನೆನಪಾಯಿತು. ನಾವಿಬ್ಬರೂ ಎರಡು ವರ್ಷ ಬಲ ತೋರಿಸಿದ್ದೇವೆ. ಎದುರಿನವರು ಹಾರಿ ಬಂದಿದ್ದಾರೆ. ಅವನು ಸುಮ್ಮನಿದ್ದಾನೆ.

"ನಾನು ಸುಮ್ಮನಿರೋ ಹಂಗಿಲ್ಲ," ಎಂದು ಮುಗಿಸಿದಳು.

ಅಶ್ವಥ್ ತಲೆಯಾಡಿಸಿ ಪಾಸ್ ಇಟ್ಟರು. ರಶ್ಮಿತಾ ಐದು ಇಸ್ಪೀಟು ಇಟ್ಟಳು. ಮೂವರೂ ಪಾಸ್.

ಇಸ್ಪೀಟು ಮೊದಲು ಹೇಳಿದವನು ಅಂಜನ್, ಹಾಗಾಗಿ ಆಡುವವನೂ ಅವನೇ. ರಶ್ಮಿತಾ ತನ್ನ ಹದಿಮೂರು ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಇನ್ನು ಅವಳಿಗೆ ಕೆಲಸವಿಲ್ಲ. ತೀರ್ಮಾನ ಮಾಡುವುದು ಏನೂ ಉಳಿದಿಲ್ಲವಾದ್ದರಿಂದ ಅವನ ಮುಖ ನೋಡಿದರೆ ಆಟಕ್ಕೆ ಮೋಸವಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವಳು ತಲೆ ಎತ್ತಿ, ಕಣ್ತುಂಬ ನೋಡಿದಳು.

ಪಾಪ, ರಾತ್ರಿ ನಿದ್ದೆ ಮಾಡಿರಲಿಲ್ಲ ಎಂದು ಕಾಣುತ್ತದೆ. ಗಡ್ಡ ಹೆರೆದುಕೊಳ್ಳುವಾಗ ಗದ್ದದ ಬಳಿ ಕುಯ್ದುಕೊಂಡಿದ್ದ. ಕಣ್ಣಿನ ಕೆಳಗೆ ಕಪ್ಪು. ಮೂರನೇ ಸುತ್ತಿನಲ್ಲಿ ಅವನಿಗೆ ಆ ನೋಟ ತಾಗಿತು. ಒಂದು ಕ್ಷಣ ಕಣ್ಣೆತ್ತಿದ, ಅವಳು ಕಣ್ಣು ಕೀಳಲಿಲ್ಲ. ಅವನ ಕಿವಿಯ ತುದಿ ಕೆಂಪಗಾಯಿತು. ಎಲೆ ಎಳೆಯಲು ಹೋಗಿ ಬೇರೆ ಎಲೆ ಮುಟ್ಟಿದ, ಸರಿಪಡಿಸಿಕೊಂಡ, ಮತ್ತೆ ಕಣ್ಣೆತ್ತಿದ. ಮೈಕ್ರಾನ್ ಲೆಕ್ಕದ ಮನುಷ್ಯ ಅವತ್ತು ತುರುಪು ಎಣಿಸುವುದನ್ನೇ ತಪ್ಪಿದ. ಹನ್ನೊಂದು ಸುತ್ತು ಬರಬೇಕಾದಲ್ಲಿ ಹತ್ತೇ ಬಂದವು.

ಮೊದಲ ಸ್ಥಾನ ಹೋಗಿ ಮೂರನೆಯದಾಯಿತು. ಮಸ್ತಾನಸಾಬ್ ಶೀಟು ನೋಡಿ, ಇದನ್ನು ಎಂಟನೇ ಕ್ಲಾಸಿನವನೂ ಗೆಲ್ಲುತ್ತಿದ್ದ ಎಂದು ಗೊಣಗಿದರು. ಇಬ್ಬರೂ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ.

ಹರಿಹರದ ಕಡೆ ಹೋಗುವ ಪ್ಯಾಸೆಂಜರಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ರಶ್ಮಿತಾ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡಳು.

"ನಿನ್ನೆ ನಾನು ರಾಣೆಬೆನ್ನೂರಿನವರ ವಿಷಯ ಹೇಳಿದಾಗ ಸುಮ್ಮನಿದ್ರಲ್ಲ," ಎಂದು ಕೇಳಿದಳು. "ಅದು ಇಪ್ಪತ್ಮೂರನೇ ಪುಟದ ಪಾಸ್ ಏನ್ರಿ?"

ಹೂಂ ಅನ್ನಬಹುದಿತ್ತು. ಜಾಣ ಪ್ರೇಮಿಯಾದವನು ಕೈಗೆ ಬಂದ ಇಂಥ ತುತ್ತನ್ನು ಬಿಡುವುದಿಲ್ಲ. ಅಂಜನ್ ತಲೆ ಅಲ್ಲಾಡಿಸಿದ.

"ಅಲ್ರಿ. ಅಷ್ಟು ಶಾಣ್ಯಾ ಅಲ್ಲ ನಾನು. ಹೆದರಿಕೆ ಆತು, ಅದಕ್ಕೆ ಸುಮ್ಮನಾದೆ."

ರಶ್ಮಿತಾಳಿಗೆ ಅಳು ಬರುವ ಹಾಗಾಯಿತು. ಟೇಬಲ್ಲಿನಲ್ಲಿ ಕಟ್ಟಿದ ಲೆಕ್ಕವೆಲ್ಲ ತನ್ನದೇ ಕಲ್ಪನೆ. ಆದರೂ ಬಿಡದೆ, ಯಾತಕ್ಕೆ ಹೆದರಿಕೆ ಎಂದು ಕೇಳಿದಳು.

ಆಗ ಅವನು ಹೇಳಿದ. ಕಾರ್ಖಾನೆಯ ಕ್ಯಾಂಟೀನಿಗೆ ಅಕ್ಕಿ ಬೇಳೆ ಕೊಡುತ್ತಿದ್ದ ಸಾಹುಕಾರರೊಬ್ಬರು ಆಫೀಸರ್ಸ್ ಕ್ಲಬ್ಬಿಗೆ ಬಂದು ಆಡುತ್ತಿದ್ದರು. ಅವರಿಗೆ ಏಕಾಂತಪ್ಪನವರೇ ಚಹಾ ಕೊಡುತ್ತಿದ್ದುದು. ಆ ಸಾಹುಕಾರರು ಮಂಡಿಪೇಟೆಯ ಕಲ್ಲೇಶಪ್ಪನವರು. ಮಗ ಯಾರ ಮಗಳ ಜೊತೆ ಆಡುತ್ತಿದ್ದಾನೆ ಎಂದು ತಿಳಿದ ದಿನ ಏಕಾಂತಪ್ಪ ಒಂದೇ ಮಾತು ಹೇಳಿದ್ದರಂತೆ: ನಾ ನಿಂತ ಟೇಬಲ್ಲಿಗೆ ನೀ ಕೂತೀದಿ, ಅಷ್ಟಕ್ಕೇ ಇರ್ಲಿ ತಮ್ಮಾ.

ಅಪ್ಪ ಅಲ್ಲಿ ಆಡುತ್ತಿದ್ದುದು ರಶ್ಮಿತಾಳಿಗೆ ಗೊತ್ತೇ ಇರಲಿಲ್ಲ. ದೂರದಲ್ಲಿ ಗಾಡಿ ಕೂಗಿತು. ಅಂಜನ್ ಎದ್ದು ನಿಂತ, ಮತ್ತೆ ಕೂತ.

"ನಿನ್ನೇದು ಬಿಡ್ರಿ, ಈಗ ಹೇಳ್ತೀನಿ," ಎಂದ. "ನೀವಂದ್ರೆ ನನಗೆ ಇಷ್ಟ. ಶನಿವಾರ ಬರೋತನಕ ವಾರ ಕಳೆಯಂಗಿಲ್ಲ. ರಾಣೆಬೆನ್ನೂರಿಗೆ ಹೂಂ ಅನ್ನಬ್ಯಾಡ್ರಿ."

ಈ ಸಲ ಅವಳು ಮುಖ ನೋಡುತ್ತಲೇ ಇದ್ದಳು. ಆ ಮುಖದಲ್ಲಿ ಇಷ್ಟು ದಿನ ಬಚ್ಚಿಟ್ಟದ್ದೆಲ್ಲ ಬಯಲಿಗೆ ಬಂದಿತ್ತು.

"ನಿಮ್ಮ ಮುಖ ನೋಡದಂಗೆ ಎರಡು ವರ್ಷ ಕಳೆಯೋಕೆ ಎಷ್ಟು ಕಷ್ಟಪಟ್ಟೀನಿ ಗೊತ್ತೇನ್ರಿ?" ಎಂದಳು. "ನನಗೂ ನೀವಂದ್ರೆ ಇಷ್ಟ. ನಿಮ್ಮ ಕೈ ನೋಡಿ ನೋಡಿ ಡಸ್ಟರ್ ಇಡೋದೂ ನಿಮ್ಮಂಗೇ ಆಗೇತಿ."

ಅವನಿಗೆ ಡಸ್ಟರಿನ ವಿಷಯ ತಿಳಿಯಲಿಲ್ಲ. ಆದರೂ ನಕ್ಕ. ಗಾಡಿ ಬಂತು, ಎರಡು ನಿಮಿಷ ನಿಂತಿತು, ಹೊರಟಿತು. ಅವನು ಹತ್ತಲಿಲ್ಲ. ರಶ್ಮಿತಾ ಇಪ್ಪತ್ಮೂರನೇ ಪುಟ ತೆಗೆದು, ಕೆಳಗೆ ಒಂದು ಸಾಲು ಸೇರಿಸಿದಳು: ಟೇಬಲ್ಲಿನ ಮೇಲೆ ಮಾತ್ರ.

ಆರೂಮುಕ್ಕಾಲಿಗೆ ಇಬ್ಬರೂ ಮಂಡಿಪೇಟೆಯ ಮನೆಯ ಪಡಸಾಲೆಯಲ್ಲಿದ್ದರು. ಕಲ್ಲೇಶಪ್ಪ ಕೈಯಲ್ಲಿ ಫೋನು ಹಿಡಿದೇ ಕಾಯುತ್ತಿದ್ದರು. ಬಾಗಿಲ ಬಳಿ ನಿಂತ ಅಂಜನ್‌ನನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿದರು. ಅಂಜನ್ ನಮಸ್ಕಾರ ಎಂದವನು ಅಲ್ಲಿಗೇ ನಿಂತುಬಿಟ್ಟ. ಮತ್ತೆ ಬಾಯಿ ಕಟ್ಟಿತ್ತು.

ಕಲ್ಲೇಶಪ್ಪ ಮಗಳ ಕಡೆ ತಿರುಗಿದರು. "ಯಾಕವ್ವಾ, ಇವ್ರು ಸುಮ್ನೆ ನಿಂತಾರಲ್ಲ. ಏನು ಸಮಾಚಾರ?"

ಮೇಜಿನ ಮುಂದಾಗಿದ್ದರೆ ಜೊತೆಗಾತಿಯೇ ವಿವರಿಸಬೇಕಿತ್ತು. ರಶ್ಮಿತಾ ಅಂಜನ್‌ನ ಪಕ್ಕಕ್ಕೆ ಹೋಗಿ ನಿಂತಳು.

"ನಾನು ಹೇಳಂಗಿಲ್ಲ ಅಪ್ಪಾಜಿ," ಎಂದಳು. "ಅವರೇ ಹೇಳ್ತಾರೆ. ಅವರು ಹೇಳಿದ ಮೇಲೆ ನಾನು ನನ್ನದು ಹೇಳ್ತೀನಿ."

ಅಂಜನ್ ಹೇಳಿದ. ತಾನು ಸಾರಥಿಯ ಏಕಾಂತಪ್ಪನವರ ಮಗ ಎಂಬಲ್ಲಿಂದ ಶುರು ಮಾಡಿ, ಕ್ಲಬ್ಬು, ಚಹಾದ ಟ್ರೇ, ವರ್ಕ್‌ಶಾಪು, ಶನಿವಾರ, ಒಂದನ್ನೂ ಬಿಡದೆ ಹೇಳಿದ. ಕೊನೆಗೆ ನಿಮ್ಮ ಮಗಳನ್ನು ಮದುವೆಯಾಗಬೇಕು ಎಂದಿದ್ದೇನೆ, ಅವರಿಗೂ ಒಪ್ಪಿಗೆ ಇದೆ ಎಂದ. ಅವಳು ಹೌದು ಎಂದಳು.

ಕಲ್ಲೇಶಪ್ಪ ಫೋನನ್ನು ಟೀಪಾಯಿಯ ಮೇಲಿಟ್ಟರು. ಒಂದು ಸಲ ಆ ಕ್ಲಬ್ಬಿನಲ್ಲಿ ತಾವು ತಪ್ಪು ಎಲೆ ಎಳೆಯಲು ಹೋದಾಗ, ಎಚ್ಚರಿಸುವಂತೆ ಬೆನ್ನ ಹಿಂದೆ ಟ್ರೇಯ ಲೋಟಗಳು ಸಣ್ಣಗೆ ಸದ್ದು ಮಾಡಿದ್ದನ್ನು ಅವರು ಇಪ್ಪತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದರು. ಅಲ್ಲಿದ್ದವರ ಪೈಕಿ ಆಟ ಬರುತ್ತಿದ್ದುದು ಟ್ರೇ ಹಿಡಿದವನಿಗೊಬ್ಬನಿಗೇ ಎಂದರು.

"ಆರಾಮ ಅದಾರೇನು ನಿಮ್ಮ ತಂದೆಯವ್ರು?" ಎಂದು ಕೇಳಿದರು. "ಕೂಡ್ರಿ. ನಿಂತೇ ಇದ್ದೀರಲ್ಲ."

ಅಂಜನ್ ಕೂತ. ರಶ್ಮಿತಾ ಅಡುಗೆಮನೆಯ ಕಡೆ ಹೊರಟಳು. ಅಪ್ಪ ಅವಳನ್ನು ತಡೆದು, ನೀನೂ ಕೂಡು, ಇವತ್ತು ಚಹಾ ನಾನು ತರುತ್ತೇನೆ ಎಂದು ಒಳಗೆ ಹೋದರು.

ಹತ್ತು ನಿಮಿಷದ ಮೇಲೆ ಟ್ರೇ ಹಿಡಿದು ಬಂದರು. ಸಕ್ಕರೆ ವಿಪರೀತವಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತ, ಪೂರ್ತಿ ಕುಡಿದರು.